ಜೆರಾಕ್ಸ್ ಮಷೀನಲ್ಲಿ ಸಿಕ್ಕಾಕ್ಕೊಂಡ ಅರಿಸ್ಟಾಟಲ್

ಹೋದ ವರ್ಷ ಜುಲೈನಲ್ಲಿ ಒಂದು ಮಧ್ಯಾಹ್ನ ನಮ್ಮಂಗಡಿ ಜೆರಾಕ್ಸ್ ಮಷೀನ್ ಒಳಗೆ ಅರಿಸ್ಟಾಟಲ್ ಸಿಕ್ಕಾಕ್ಕೊಂಡ. ಮಳೆಗಾಲದಲ್ಲಿ ಪೇಪರ್ ತಂಡಿ ಹಿಡಿದಿರುತ್ತೆ, ಎರಡೆರಡು ಹಾಳೆ ಒಟ್ಟಿಗೆ ಎಳ್ಕೊಂಡು ಹೋಗಿ ಒಳಗೆ ಮುದ್ದೆ ಆಗುತ್ತೆ, ನಮಗೆ ಇದು ದಿನಾ ಇದ್ದಿದ್ದೇ. ಬಾಗಿಲು ತೆಗೆದು ರೋಲರ್ ತಿರುಗಿಸಿ ಬಿಸಿಬಿಸಿ ಹಾಳೆ ಎಳೆದು ಡಬ್ಬಕ್ಕೆ ಹಾಕೋಕೆ ಮುಂಚೆ ಸುಮ್ನೆ ಕಣ್ಣಾಡಿಸಿದೆ, ಅದರಲ್ಲಿ ಹಕ್ಕಿ ವಿಚಾರ ಇತ್ತು. ಒಂದು ಹಕ್ಕಿ ಬಂದ ಮಾತ್ರಕ್ಕೆ ವಸಂತ ಬಂತು ಅನ್ನೋಕಾಗಲ್ಲ, ಹಂಗೇ ಒಂದು ದಿನ ಚೆನ್ನಾಗಿದ್ದ ಮಾತ್ರಕ್ಕೆ ಮನುಷ್ಯ ಸುಖಿ ಅಂತ ಹೇಳೋಕಾಗಲ್ಲ ಅಂತ. ನಮ್ಮ ಕಡೆಯವನಾಗಿದ್ರೆ ಒಂದು ಕೋಗಿಲೆ ಕೂಗಿದ್ರೆ ಯುಗಾದಿ ಬರಲ್ಲ ಅಂತಿದ್ನೇನೋ. ಇಷ್ಟು ಚೆನ್ನಾಗಿ ಯಾರಪ್ಪಾ ಹೇಳಿದ್ದು ಅಂತ ಮೇಲೆ ನೋಡಿದ್ರೆ ಅರಿಸ್ಟಾಟಲ್ ಅನ್ನೋ ಗ್ರೀಕ್ ಫಿಲಾಸಫರ್, ಹುಟ್ಟಿದ್ದು ಕ್ರಿ.ಪೂ. 384ರಲ್ಲಿ.

ನೋಟ್ಸ್ ತಂದಿದ್ದು ಜಗಳೂರು ಕಡೆ ಹುಡುಗ, ಐಎಎಸ್‌ಗೆ ಓದ್ತಾ ಇದ್ದಾನೆ, ರೂಮು ನಮ್ಮ ವಿದ್ಯಾನಗರದಲ್ಲೇ. ಮೇನ್ಸಲ್ಲಿ ಎಥಿಕ್ಸ್ ಅಂತ ಒಂದು ಪೇಪರ್ ಇದೆ, 250 ಮಾರ್ಕ್ಸು, ಅದರಲ್ಲಿ ಈ ಗ್ರೀಕರೆಲ್ಲ ಬರ್ತಾರೆ. ಇವನು ಕನ್ನಡದಲ್ಲೇ ಬರೀತೀನಿ ಅಂತ ಹಠ ಹಿಡಿದಿದ್ದಾನೆ, ಆದ್ರೆ ನೋಟ್ಸ್ ಸಿಗೋದೆಲ್ಲಾ ಇಂಗ್ಲಿಷಲ್ಲಿ. "ಅಂಕಲ್, ಯೂಡೈಮೋನಿಯಾ ಅಂತ ಒಂದು ಪದ ಐತೆ, ಕನ್ನಡದಲ್ಲಿ ಏನಂತ ಬರೀಲಿ?" ಅಂತ ಕೇಳಿದ. ನಾನು ಬಿಕಾಂ, ಅದೂ ಎರಡನೇ ಸಲಕ್ಕೆ ಪಾಸಾದವನು, ನನ್ನ ಕೇಳ್ತಾನಲ್ಲ ಅಂತ ಒಳಗೊಳಗೆ ಖುಷಿ. ನೋಡೋಣ ತಮ್ಮಾ ಅಂದೆ, ಅವನ 212 ಪೇಜಿನ ಇನ್ನೊಂದು ಕಾಪಿ ನಾನೇ ತೆಗೆದು ಇಟ್ಕೊಂಡೆ (ಅವನಿಗೆ ಹೇಳೇ ಮಾಡಿದ್ದು), ಆಮೇಲೆ ಆರು ತಿಂಗಳು ಗಿರಾಕಿ ಇಲ್ದಾಗೆಲ್ಲ ಅದನ್ನೇ ಓದಿದೆ, ಮೊಬೈಲಲ್ಲೂ ಹುಡುಕಿ ಹುಡುಕಿ ಓದಿದೆ.

ಯೂ ಅಂದ್ರೆ ಒಳ್ಳೇದು. ದೈಮೋನ್ ಅಂದ್ರೆ ಒಂಥರ ದೈವ, ಮನುಷ್ಯನ ಬೆನ್ನಿಗಿರೋ ಶಕ್ತಿ. ಎರಡೂ ಸೇರಿಸಿದ್ರೆ ಒಳ್ಳೆ ದೈವ ಬೆನ್ನಿಗಿರೋನ ಬದುಕು ಅಂತಾಗುತ್ತೆ. ಇಂಗ್ಲಿಷಿನವರು ಒಂದು ಕಡೆ ಹ್ಯಾಪಿನೆಸ್ ಅಂತಾರೆ, ಇನ್ನೊಂದು ಕಡೆ ಫ್ಲರಿಷಿಂಗ್ ಅಂತಾರೆ, ಅವರಿಗೇ ಒಂದು ಪದ ಸಿಕ್ಕಿಲ್ಲ. ಕನ್ನಡದಲ್ಲಿ ಸುಖ ಅಂತ ಬರೆದ್ರೆ ಎಸಿ ಬಸ್ಸಲ್ಲಿ ಮಲಗಿ ಹೋದಂಗಾಗುತ್ತೆ, ಸಂತೋಷ ಅಂದ್ರೆ ಬರ್ತ್‌ಡೇ ಕೇಕು, ಆನಂದ ಅಂದ್ರೆ ಪಕ್ಕದ ಬೀದಿ ಹುಡುಗನ ಹೆಸರು. ನಮ್ಮ ದಾವಣಗೆರೆಯಲ್ಲಿ ದಿನಕ್ಕೆ ಐವತ್ತು ಸಲ ಒಬ್ಬರನ್ನೊಬ್ಬರು "ಆರಾಮಾ?" ಅಂತ ಕೇಳ್ತೀವಿ, "ಆರಾಮ್ ರೀ" ಅಂತ ಹೇಳಿ ಮುಂದಕ್ಕೆ ಹೋಗ್ತೀವಿ, ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ರೂ ಬಾಯಿಗೆ ಬರೋದು ಆರಾಮ್ ಅಂತಲೇ. ಮೊದಲು ನಾನು ಆ ಹುಡುಗನಿಗೆ ಆರಾಮ ಅಂತಲೇ ಬರಿ ಅನ್ನೋಣ ಅಂತಿದ್ದೆ. ಆಮೇಲೆ ಓದಿದಂಗೆ ಓದಿದಂಗೆ ಗ್ರೀಕರು ಹೇಳ್ತಿರೋದು ಅದಲ್ಲ ಅಂತ ಗೊತ್ತಾಯ್ತು.

ಈ ವಿಚಾರ ಮಾತಾಡೋವಾಗ ಅವರೆಲ್ಲ ಒಂದು ಕಥೆಗೆ ವಾಪಸ್ ಬರ್ತಾರೆ, ಹೆರೊಡೋಟಸ್ ಅನ್ನೋ ಹಳೇ ಗ್ರೀಕ್ ಇತಿಹಾಸಕಾರ ಬರೆದಿಟ್ಟ ಕಥೆ. ಲಿಡಿಯಾ ಅಂತ ದೇಶ, ಈಗಿನ ಟರ್ಕಿ, ಅಲ್ಲಿ ಕ್ರೀಸಸ್ ಅಂತ ರಾಜ, ಸಿಕ್ಕಾಪಟ್ಟೆ ಶ್ರೀಮಂತ. ಅಥೆನ್ಸಿನ ಸೋಲನ್ ಅನ್ನೋ ಬುದ್ಧಿವಂತ ಅವನ ಮನೆಗೆ ಬರ್ತಾನೆ. ರಾಜ ತನ್ನ ಖಜಾನೆಯೆಲ್ಲ ತೋರಿಸಿ, ನೀನು ನೋಡಿರೋರಲ್ಲಿ ಎಲ್ಲರಿಗಿಂತ ಸುಖಿ ಯಾರು ಅಂತ ಕೇಳ್ತಾನೆ, ನೀನೇ ಅಂತ ಹೇಳ್ತಾನೆ ಅನ್ಕೊಂಡು. ಹೊಸ ಮನೆ ಗೃಹಪ್ರವೇಶಕ್ಕೆ ಕರೆದು ಮೇಲಿನ ಮಹಡಿ ಬಾತ್‌ರೂಮಿನ ತನಕ ತೋರಿಸೋರು ಇರ್ತಾರಲ್ಲ, ಹಂಗೆ. ಸೋಲನ್ ಏನಂದ ಗೊತ್ತಾ, ಟೆಲ್ಲಸ್ ಅಂತ ನಮ್ಮೂರಿನವನೊಬ್ಬ ಅಂದ. ಊರು ಚೆನ್ನಾಗಿತ್ತು, ಒಳ್ಳೆ ಮಕ್ಕಳಿದ್ರು, ಮೊಮ್ಮಕ್ಕಳೆಲ್ಲ ಬದುಕಿ ಉಳಿದ್ರು, ಕೊನೆಗೆ ಯುದ್ಧದಲ್ಲಿ ಊರಿಗಾಗಿ ಸತ್ತ, ಜನ ಸತ್ತ ಜಾಗದಲ್ಲೇ ಮರ್ಯಾದೆಯಿಂದ ಮಣ್ಣು ಮಾಡಿದ್ರು. ಸರಿ ಎರಡನೇದು ಯಾರು ಅಂದ್ರೆ ಅರ್ಗೋಸ್ ಊರಿನ ಕ್ಲಿಯೋಬಿಸ್ ಮತ್ತೆ ಬೈಟನ್ ಅಂತ ಅಣ್ಣತಮ್ಮಂದಿರ ಹೆಸರು ಹೇಳಿದ. ಅವರಮ್ಮ ಹೇರಾ ದೇವಿ ಜಾತ್ರೆಗೆ ಹೋಗಬೇಕಿತ್ತು, ಎತ್ತು ಹೊಲದಿಂದ ಬಂದಿರಲಿಲ್ಲ, ಮಕ್ಕಳೇ ನೊಗಕ್ಕೆ ಹೆಗಲು ಕೊಟ್ಟು ಗಾಡಿ ಎಳೆದ್ರು, 45 ಸ್ಟೇಡಿಯಾ, ನಮ್ಮ ಲೆಕ್ಕಕ್ಕೆ ಸುಮಾರು 8 ಕಿಲೋಮೀಟರ್. ಊರೆಲ್ಲ ಹೊಗಳ್ತು. ತಾಯಿ ದೇವಿ ಮುಂದೆ ನಿಂತು ನನ್ನ ಮಕ್ಕಳಿಗೆ ಮನುಷ್ಯರಿಗೆ ಸಿಗೋದರಲ್ಲಿ ಯಾವುದು ಅತ್ಯಂತ ಒಳ್ಳೇದೋ ಅದನ್ನ ಕೊಡು ತಾಯಿ ಅಂತ ಬೇಡ್ಕೊಂಡ್ಳು. ಮಕ್ಕಳು ಊಟ ಮಾಡಿ ಗುಡಿಯೊಳಗೇ ಮಲಗಿದ್ರು, ಮತ್ತೆ ಏಳಲೇ ಇಲ್ಲ. ಅದೇ ವರ.

ಈ ಕಥೆನ ರಾತ್ರಿ ಊಟ ಆದ್ಮೇಲೆ ನಮ್ಮವ್ವಂಗೆ ಹೇಳಿದೆ. ಶ್ರವಣಕುಮಾರನ ಕಥೆ ಥರ ಇದೆ, ಇಷ್ಟ ಆಗುತ್ತೆ ಅನ್ಕೊಂಡಿದ್ದೆ. ಅವ್ವ ಕೇಳಿ ಸುಮ್ನಾದ್ಲು. ಆಮೇಲೆ "ಅದೆಂಥ ದೇವಿನೋ ಮಾರಾಯ, ಬೇಡಿದ ತಾಯಿ ಮಡಿಲಿಗೇ ಬೆಂಕಿ ಹಾಕೋದಾ" ಅಂದು ಎದ್ದು ಹೋದ್ಲು. ನಮ್ಮಣ್ಣ 2013ರಲ್ಲಿ ಹೋದ, 41 ವರ್ಷ ಅವನಿಗೆ. ಕಥೆ ಹೇಳೋ ಹುರುಪಲ್ಲಿ ನನಗೆ ಅದು ತಲೆಗೇ ಬಂದಿರಲಿಲ್ಲ. ಓದಿದ್ದನ್ನ ಮನೇಲಿ ಹೇಳೋಕೆ ಮುಂಚೆ ಎರಡು ಸಲ ಯೋಚನೆ ಮಾಡ್ಬೇಕು ಅನ್ನೋದನ್ನ ಯಾವ ಫಿಲಾಸಫರ್ರೂ ಬರೆದಿಲ್ಲ ನೋಡ್ರಿ.

ಕಥೆಯಲ್ಲಿ ಸೋಲನ್ ಹೇಳೋದು ಇಷ್ಟು, ಕೊನೆ ನೋಡೋ ತನಕ ಯಾರನ್ನೂ ಸುಖಿ ಅನ್ಬೇಡ, ಅಲ್ಲಿವರೆಗೂ ಅವನು ಅದೃಷ್ಟವಂತ ಅಷ್ಟೆ. ಕ್ರೀಸಸ್ ಆಮೇಲೆ ಪರ್ಷಿಯಾದ ಸೈರಸ್ ಕೈಲಿ ಸೋತು ರಾಜ್ಯ ಕಳ್ಕೊಂಡ, ಆಗ ಸೋಲನ್ ಸೋಲನ್ ಅಂತ ಕೂಗಿದ್ನಂತೆ. ನಮ್ಮಲ್ಲೂ ಲೆಕ್ಕ ಹಾಕೋದು ಮಣ್ಣಿಗೆ ಹೋದಾಗಲೇ ತಾನೆ. "ಪುಣ್ಯಾತ್ಮ, ಯಾರಿಗೂ ಕೈ ಚಾಚಲಿಲ್ಲ, ಮಲಗಿದಲ್ಲೇ ಹೋದ" ಅಂತ ಹೆಗಲು ಕೊಟ್ಟು ಬಂದೋರು ಮಾತಾಡ್ತಾರೆ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ ಈ ಕಡೆ. ಆದ್ರೆ ಅರಿಸ್ಟಾಟಲ್ ಇಲ್ಲಿ ತಕರಾರು ತೆಗೀತಾನೆ. ಸುಖ ಅನ್ನೋದು ಒಂದು ಕೆಲಸ, ಮಾಡ್ತಾ ಇರೋದು, ಸತ್ತವನು ಏನೂ ಮಾಡಲ್ಲ, ಹಂಗಿದ್ಮೇಲೆ ಬದುಕಿದ್ದಾಗ ಅನ್ನಬಾರದು ಸತ್ಮೇಲೆ ಅನ್ನಬೇಕು ಅಂದ್ರೆ ಅದೇನು ಮಾತು ಅಂತ. ಹಂಗಂತ ಅದೃಷ್ಟಕ್ಕೆ ಬೆಲೆ ಇಲ್ಲ ಅಂತಲೂ ಹೇಳಲ್ಲ. ಟ್ರಾಯ್ ರಾಜ ಪ್ರಿಯಾಮ್ ಉದಾಹರಣೆ ಕೊಡ್ತಾನೆ, ಮುಪ್ಪಿನ ಕಾಲದಲ್ಲಿ ಮಕ್ಕಳನ್ನ ಕಳ್ಕೊಂಡ, ರಾಜ್ಯ ಕಳ್ಕೊಂಡ, ಅವನನ್ನ ಯಾರೂ ಸುಖಿ ಅನ್ನಲ್ಲ. ಆದ್ರೆ ಅಂಥ ಕಷ್ಟದಲ್ಲೂ ಒಳ್ಳೆಯವನ ಒಳ್ಳೆತನ ಹೊಳೀತದೆ, ಚಪ್ಪಲಿ ಹೊಲಿಯೋನು ತನ್ನ ಕೈಗೆ ಸಿಕ್ಕ ಚರ್ಮದಲ್ಲೇ ಆದಷ್ಟು ಚೆನ್ನಾಗಿರೋ ಚಪ್ಪಲಿ ಹೊಲಿಯೋ ಹಂಗೆ ಅವನು ಸಿಕ್ಕ ಬದುಕಲ್ಲೇ ಆದಷ್ಟು ಚೆನ್ನಾಗಿ ನಡ್ಕೊಳ್ತಾನೆ ಅಂತ. ಈ ಚಪ್ಪಲಿ ಮಾತು ಓದಿದ ದಿನ ನಾನು ಅಂಗಡಿ ಅರ್ಧ ಗಂಟೆ ಬೇಗ ಮುಚ್ಚಿ ಮನೆಗೆ ಹೋದೆ. ಅವ್ವಂಗೆ ಹೇಳಲಿಲ್ಲ, ಪಕ್ಕದಲ್ಲಿ ಕೂತು ಟಿವಿ ನೋಡಿದೆ ಅಷ್ಟೆ.

ಸಾಕ್ರಟೀಸ್ ಬಗ್ಗೆ ಎಲ್ಲರಿಗೂ ಗೊತ್ತಿರೋದೇ, ವಿಷ ಕುಡಿದ, ಕ್ರಿ.ಪೂ. 399, ವಯಸ್ಸು 70. ನನಗೆ ಹಿಡಿಸಿದ್ದು ಅದಕ್ಕಿಂತ ಮುಂಚಿನ ಭಾಗ. ಅವನ ಗೆಳೆಯನೊಬ್ಬ ಡೆಲ್ಫಿ ದೇವಸ್ಥಾನಕ್ಕೆ ಹೋಗಿ ಸಾಕ್ರಟೀಸ್‌ಗಿಂತ ಜ್ಞಾನಿ ಯಾರಾದ್ರೂ ಇದಾರಾ ಅಂತ ಕಣಿ ಕೇಳ್ತಾನೆ, ಇಲ್ಲ ಅಂತ ಬರುತ್ತೆ. ಇವನಿಗೆ ನಂಬಿಕೆ ಬರಲ್ಲ, ದೇವರ ಮಾತು ಸುಳ್ಳು ಮಾಡೋಕೆ ಊರೆಲ್ಲ ಸುತ್ತುತಾನೆ. ರಾಜಕೀಯದವರನ್ನ ಕೇಳ್ತಾನೆ, ಏನೂ ಗೊತ್ತಿಲ್ಲ ಆದ್ರೆ ಗೊತ್ತಿದೆ ಅಂತ ತಿಳ್ಕೊಂಡಿದಾರೆ. ಕವಿಗಳನ್ನ ಕೇಳ್ತಾನೆ, ಚೆನ್ನಾಗೇ ಬರೆದಿದಾರೆ ಆದ್ರೆ ಬರೆದಿದ್ದರ ಅರ್ಥ ಅವರಿಗೇ ಹೇಳೋಕೆ ಬರಲ್ಲ. ಆಮೇಲೆ ಕುಶಲಕರ್ಮಿಗಳ ಹತ್ರ ಹೋಗ್ತಾನೆ, ಇವರಿಗೆ ನಿಜವಾಗ್ಲೂ ತಮ್ಮ ಕೆಲಸ ಗೊತ್ತಿದೆ, ಅದನ್ನ ಅವನೇ ಒಪ್ಕೊಳ್ತಾನೆ, ಆದ್ರೆ ಕೈಕೆಲಸ ಒಂದು ಗೊತ್ತಿರೋದಕ್ಕೆ ಪ್ರಪಂಚದ್ದೆಲ್ಲಾ ಗೊತ್ತು ಅನ್ಕೊಂಡಿದಾರೆ. ಇದು ಓದಿ ನನಗೆ ಸಿಕ್ಕಾಪಟ್ಟೆ ನಗು ಬಂತು, ಯಾಕಂದ್ರೆ ಸಂಜೆ ನಾವು ನಾಲ್ಕು ಜನ ಮಂಡಕ್ಕಿ ಮಿರ್ಚಿ ತಿನ್ನೋಕೆ ಸೇರ್ತೀವಿ, ಒಬ್ಬ ಅಡಿಕೆ ವ್ಯಾಪಾರ, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ರಿಟೈರ್ಡ್ ಮೇಷ್ಟ್ರು, ನಾನು ಜೆರಾಕ್ಸು. ಮಿರ್ಚಿ ಪ್ಲೇಟ್ ಖಾಲಿ ಆಗೋದ್ರೊಳಗೆ ಅಮೆರಿಕದಿಂದ ಹಿಡಿದು ಕ್ರಿಕೆಟ್ ಟೀಮ್ ತನಕ ಎಲ್ಲ ರಿಪೇರಿ ಮಾಡಿರ್ತೀವಿ. ಸಾಕ್ರಟೀಸ್ ಬರಿಗಾಲಲ್ಲಿ ಬಂದು ನಮ್ಮ ಬೆಂಚಲ್ಲಿ ಕೂತಿದ್ರೆ ಅರ್ಧ ಗಂಟೆಗೆ ನಮ್ಮ ಅಡಿಕೆಯವನು ಕೈ ಮಾಡಿಬಿಡ್ತಿದ್ದ.

ಮತ್ತೆ ಕೋರ್ಟಲ್ಲಿ ಅವನು ಆಡಿದ ಮಾತು ನೋಡಿ. ತಪ್ಪಿತಸ್ಥ ಅಂತ ಆಗೋಯ್ತು, ಇನ್ನು 30 ವೋಟು ಆ ಕಡೆಯಿಂದ ಈ ಕಡೆ ಬಂದಿದ್ರೆ ಬಚಾವಾಗ್ತಿದ್ದ. ಈಗ ಶಿಕ್ಷೆ ಏನು ಬೇಕು ನೀನೇ ಹೇಳು ಅಂದ್ರೆ, ನಾನು ಊರಿಗೆ ಉಪಕಾರ ಮಾಡಿದೀನಿ, ಒಲಿಂಪಿಕ್ಸ್ ಗೆದ್ದೋರಿಗೆ ಕೊಡೋ ಥರ ನನಗೂ ಸರ್ಕಾರಿ ಖರ್ಚಲ್ಲಿ ಊಟ ಹಾಕಿ ಅಂತಾನೆ! ಆಮೇಲೆ ಪ್ಲೇಟೋ, ಕ್ರಿಟೋ ಎಲ್ಲ ಸೇರಿ ನಾವು ಜಾಮೀನು ಅಂದಿದ್ದಕ್ಕೆ 30 ಮಿನಾ (ಆಗಿನ ಗ್ರೀಕ್ ದುಡ್ಡು) ದಂಡ ಕಟ್ತೀನಿ ಅಂದ, ಅಷ್ಟೊತ್ತಿಗೆ ಕಾಲ ಮಿಂಚಿತ್ತು. ಇದನ್ನ ಧೈರ್ಯ ಅಂತಾರೆ ಎಲ್ಲರೂ. ನನಗೆ ಅರ್ಧ ಧೈರ್ಯ, ಅರ್ಧ ಮೊಂಡುತನ ಅನ್ಸುತ್ತೆ, ಮನೇಲಿ ಹೆಂಡತಿ, ಮೂರು ಜನ ಗಂಡುಮಕ್ಕಳು ಇದ್ರು ಪಾಪ.

ಎಪಿಕ್ಯೂರಸ್ ವಿಚಾರಕ್ಕೆ ಬರೋಣ, ಇವನೇ ನನಗೆ ಜಾಸ್ತಿ ಹತ್ರ ಆದವನು. ಕ್ರಿ.ಪೂ. 341ರಿಂದ 270. ಸುಖಾನೇ ಗುರಿ ಅಂದ ಅನ್ನೋ ಒಂದೇ ಕಾರಣಕ್ಕೆ ಇವನನ್ನ ತಿಂದುಂಡು ಮಜಾ ಮಾಡೋ ಪಾರ್ಟಿ ಅಂತ ಎರಡು ಸಾವಿರ ವರ್ಷದಿಂದ ಬೈತಾ ಇದಾರೆ. ನಿಜ ಏನಂದ್ರೆ ರೊಟ್ಟಿ, ನೀರು ಸಾಕು ಅಂತಿದ್ದ, ಗೆಳೆಯನಿಗೆ ಕಾಗದ ಬರೆದು ಒಂದು ಸಣ್ಣ ಕುಡಿಕೆ ಚೀಸ್ ಕಳಿಸಪ್ಪಾ, ಮನಸ್ಸಾದಾಗ ಹಬ್ಬ ಮಾಡ್ತೀನಿ ಅಂದವನು. ಅಥೆನ್ಸಲ್ಲಿ ಒಂದು ತೋಟ ತಗೊಂಡು ಗೆಳೆಯರ ಜೊತೆ ಅಲ್ಲೇ ಇರ್ತಿದ್ದ, ಹೆಂಗಸರನ್ನೂ ಗುಲಾಮರನ್ನೂ ಒಳಗೆ ಸೇರಿಸ್ಕೊಂಡ, ಆ ಕಾಲಕ್ಕೆ ಅದು ದೊಡ್ಡ ಮಾತು. ಆಸೆಗಳನ್ನ ಮೂರು ಥರ ಮಾಡಿದ. ಇದನ್ನ ದಾವಣಗೆರೆಯವರಿಗೆ ಹೇಳೋದು ಬಹಳ ಸುಲಭ. ಬೆಳಿಗ್ಗೆ ಹೊಟ್ಟೆ ಹಸಿದಾಗ ಏನಾದ್ರೂ ಬೇಕು ಅನ್ನೋದು ಸಹಜ, ಬೇಕೇ ಬೇಕು. ಅದು ಬೆಣ್ಣೆ ದೋಸೆನೇ ಆಗಿರ್ಲಿ, ಮೇಲೆ ಇನ್ನೊಂದು ಮುದ್ದೆ ಬೆಣ್ಣೆ ಇರ್ಲಿ ಅನ್ನೋದು ಸಹಜವೇ ಆದ್ರೆ ಇಲ್ದಿದ್ರೆ ಪ್ರಾಣ ಹೋಗಲ್ಲ, ಸಿಕ್ಕಾಗ ತಿನ್ನು, ಸಿಗದಾಗ ಅಳಬೇಡ. ಊರಲ್ಲಿ ದೊಡ್ಡ ದೋಸೆ ಹೋಟೆಲ್ ನಂದೇ ಆಗ್ಬೇಕು, ಅದರ ಮುಂದೆ ನನ್ನ ಫೋಟೋ ಫ್ಲೆಕ್ಸ್ ನಿಲ್ಲಬೇಕು ಅನ್ನೋದು ಸಹಜವೂ ಅಲ್ಲ ಬೇಕಾಗಿದ್ದೂ ಅಲ್ಲ, ಅದಕ್ಕೆ ತಳ ಇಲ್ಲ, ಎಷ್ಟು ಸುರಿದ್ರೂ ತುಂಬಲ್ಲ. ನಮ್ಮವರು ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಅದು ದುಡ್ಡಿನ ಲೆಕ್ಕ. ಇವನು ಕಾಲು ಎಷ್ಟುದ್ದ ಇದೆ ಅಂತ ಮೊದಲು ನೋಡ್ಕೋ, ಆಮೇಲೆ ಹಾಸಿಗೆ ಅಳತೆ ಕೊಡು ಅಂತಾನೆ. ಎರಡೂ ಒಂದೇ ಅಲ್ಲ, ನಿಧಾನಕ್ಕೆ ಯೋಚ್ನೆ ಮಾಡಿ.

ಇವನ ಸಾವಿನ ಕಥೆ ಮಾತ್ರ ನನಗೆ ಜೀರ್ಣ ಆಗಲಿಲ್ಲ. ಕಲ್ಲು ಅಡ್ಡ ಬಂದು ಮೂತ್ರ ಕಟ್ಟಿ, ಹದಿನಾಲ್ಕು ದಿನ ನರಳಿ ಸತ್ತ. ಆ ಕೊನೆ ದಿನ ಗೆಳೆಯನಿಗೆ ಬರೆದ ಕಾಗದದಲ್ಲಿ ಇವತ್ತು ನನ್ನ ಬದುಕಿನ ಸುಖದ ದಿನ, ನೋವು ಇದಕ್ಕಿಂತ ಜಾಸ್ತಿ ಆಗೋಕೆ ಸಾಧ್ಯನೇ ಇಲ್ಲ, ಆದ್ರೆ ನಾವು ಆಡಿದ ಮಾತುಕತೆಗಳ ನೆನಪು ಅದಕ್ಕೆ ಎದುರಾಗಿ ನಿಂತಿದೆ ಅಂದ. ನನಗೂ 2018ರಲ್ಲಿ ಕಿಡ್ನಿ ಸ್ಟೋನ್ ಆಗಿತ್ತು, 6 ಎಂಎಂ. ರಾತ್ರಿ ಎರಡು ಗಂಟೆಗೆ ಆಟೋದಲ್ಲಿ ಮಡಚ್ಕೊಂಡು ಬಿದ್ದಿದ್ದಾಗ ಯಾವ ಗೆಳೆಯನ ಯಾವ ಮಾತೂ ನೆನಪಾಗಲಿಲ್ಲ, ಆಟೋದವನಿಗೆ ಹಂಪ್ಸ್ ಮೇಲೆ ನಿಧಾನ ಹೋಗಪ್ಪಾ ಅಂತ ಹೇಳೋಕೂ ಬಾಯಿ ಬರಲಿಲ್ಲ. ಸುಳ್ಳು ಬರೆದಿದಾನೆ ಅಂತ ಮೊದಲು ಬೈದೆ. ಆಮೇಲೆ ಆ ಕಾಗದದ ಕೊನೆ ಸಾಲು ಓದಿದೆ, ತೀರ್ಕೊಂಡ ಶಿಷ್ಯ ಮೆಟ್ರೊಡೋರಸ್‌ನ ಮಕ್ಕಳನ್ನ ನೋಡ್ಕೋ ಅಂತ ಇದೆ. ನೋವಲ್ಲಿ ಬೇರೆಯವನ ಮಕ್ಕಳ ನೆನಪು ಬಂತಲ್ಲ ಅಂತ ಸ್ವಲ್ಪ ಸುಮ್ಮನಾದೆ. ಪೂರ್ತಿ ಒಪ್ಪಿಲ್ಲ ಇನ್ನೂ.

ಸ್ಟೋಯಿಕ್‌ಗಳ ಹೆಸರು ಈಗ ರೀಲ್ಸಲ್ಲೆಲ್ಲ ಓಡ್ತಾ ಇದೆ, ಜಿಮ್ ಹುಡುಗರೆಲ್ಲ ಅದೇ ಹೇಳ್ತಾರೆ. ಅದನ್ನ ಶುರು ಮಾಡಿದ ಜೀನೋ ಒಬ್ಬ ವ್ಯಾಪಾರಿ, ಸೈಪ್ರಸ್ ದ್ವೀಪದವನು, ನೇರಳೆ ಬಣ್ಣದ ಸರಕು ತುಂಬ್ಕೊಂಡು ಬರ್ತಾ ಹಡಗು ಒಡೆದು ಎಲ್ಲಾ ನೀರುಪಾಲಾಯ್ತು. ಅಥೆನ್ಸಿಗೆ ಬಂದು ಪುಸ್ತಕದ ಅಂಗಡಿಯಲ್ಲಿ ಕೂತ್ಕೊಂಡ, ಅಂಗಡಿಯವನು ಸಾಕ್ರಟೀಸ್ ಬಗ್ಗೆ ಓದ್ತಾ ಇದ್ದಿದ್ದು ಕೇಳಿ ಇಂಥವರು ಎಲ್ಲಿ ಸಿಗ್ತಾರೆ ಅಂದ, ಅದೇ ಹೊತ್ತಿಗೆ ಕ್ರೇಟೀಸ್ ಅನ್ನೋ ಫಿಲಾಸಫರ್ ರಸ್ತೆಯಲ್ಲಿ ಹೋಗ್ತಿದ್ದ, ಅವನ ಹಿಂದೆ ಹೋಗು ಅಂತ ಅಂಗಡಿಯವನು ಕೈ ತೋರಿಸಿದ. ಪುಸ್ತಕದ ಅಂಗಡಿಯವನಿಂದ ಒಂದು ಮತವೇ ಹುಟ್ಟಿತು ಅನ್ನೋದು ನಮ್ಮಂಥ ಸ್ಟೇಷನರಿ ಅಂಗಡಿಯವರು ಫ್ರೇಮ್ ಹಾಕಿಸಿ ಇಟ್ಕೋಬೇಕಾದ ವಿಚಾರ. ಮುಂದೆ ಜೀನೋ ಚಿತ್ರ ಬರೆಸಿದ್ದ ಒಂದು ಕಂಬಸಾಲಿನ ಪಡಸಾಲೆಯಲ್ಲಿ ಪಾಠ ಮಾಡ್ತಿದ್ದ, ಅದಕ್ಕೆ ಸ್ಟೋವಾ ಅಂತಾರೆ, ಅದರಿಂದ ಸ್ಟೋಯಿಕ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕಟ್ಟೆ ಪಂಥ. ಹಡಗು ಒಡೆದಾಗಲೇ ನನ್ನ ಪ್ರಯಾಣ ಚೆನ್ನಾಗಾಯ್ತು ಅಂತ ಅವನು ಆಮೇಲೆ ಹೇಳ್ತಿದ್ನಂತೆ.

ನನ್ನ ಹಡಗು ಒಡೆದಿದ್ದು 2020ರ ಮಾರ್ಚಲ್ಲಿ. ಜನವರಿಯಲ್ಲಿ ಸಾಲ ಮಾಡಿ ಕಲರ್ ಮಷೀನ್ ತಂದಿದ್ದೆ, ಎರಡೇ ತಿಂಗಳಿಗೆ ಲಾಕ್‌ಡೌನ್. ಕಾಲೇಜು ಬಂದ್, ಹಾಸ್ಟೆಲ್ ಖಾಲಿ, ನೋಟ್ಸ್ ಎಲ್ಲಾ ಪಿಡಿಎಫ್ ಆಗಿ ವಾಟ್ಸಾಪಲ್ಲಿ ಓಡಾಡೋಕೆ ಶುರುವಾಯ್ತು, ಸಾಲದ ಕಂತಿನ ಮೆಸೇಜ್ ಮಾತ್ರ ತಪ್ಪದೆ ಬರ್ತಿತ್ತು. ಎಪಿಕ್ಟೀಟಸ್ ಅನ್ನೋ ಇನ್ನೊಬ್ಬ ಸ್ಟೋಯಿಕ್ ಹೇಳ್ತಾನೆ, ಕೆಲವು ನಮ್ಮ ಕೈಲಿದೆ ಕೆಲವು ಇಲ್ಲ, ನಮ್ಮ ಅಭಿಪ್ರಾಯ, ನಮ್ಮ ಆಸೆ ನಮ್ಮ ಕೈಲಿ, ದೇಹ, ಆಸ್ತಿ, ಹೆಸರು, ಅಧಿಕಾರ ನಮ್ಮ ಕೈಲಿಲ್ಲ ಅಂತ. ಅವನು ಒಂದು ಕಾಲದಲ್ಲಿ ಗುಲಾಮ ಆಗಿದ್ದವನು, ಹೇಳೋ ಹಕ್ಕಿದೆ. ಆದ್ರೆ ಕಂತು ನನ್ನ ಕೈಲಿಲ್ಲ ಅಂತ ಬ್ಯಾಂಕಿನವರಿಗೆ ಹೇಳೋಕಾಗುತ್ತಾ? ಆ ಮಷೀನ್ ಅರ್ಧ ರೇಟಿಗೆ ಮಾರಿದೆ. ನನ್ನ ಪ್ರಯಾಣ ಚೆನ್ನಾಗಾಯ್ತು ಅಂತ ಜೀನೋ ಥರ ಹೇಳೋ ಧೈರ್ಯ ಇವತ್ತಿಗೂ ಇಲ್ಲ. ಒಂದು ಮಾತ್ರ ಸತ್ಯ, ಅಂಗಡಿ ಮೊದಲಿನಷ್ಟು ರಶ್ ಇದ್ದಿದ್ರೆ ಈ 212 ಪೇಜು ಓದೋಕೆ ಟೈಮೇ ಸಿಗ್ತಿರಲಿಲ್ಲ.

ಡಿಸೆಂಬರಲ್ಲಿ ಒಂದು ಭಾನುವಾರ ಆ ಹುಡುಗ, ನಾನು ಬೈಕಲ್ಲಿ ಬ್ರಹ್ಮಗಿರಿಗೆ ಹೋದ್ವಿ. ಚಿತ್ರದುರ್ಗ, ಚಳ್ಳಕೆರೆ ದಾಟಿ ಮೊಳಕಾಲ್ಮೂರು ಕಡೆ. ಚಳ್ಳಕೆರೆಯಲ್ಲಿ ಟೀ ಕುಡಿಯೋವಾಗ ಅವನಿಗೆ ಥೇಲ್ಸ್ ಅನ್ನೋ ಹಳೇ ಗ್ರೀಕ್ ಫಿಲಾಸಫರ್ ಕಥೆ ಹೇಳಿದೆ, ಆ ಊರಿಗೆ ಹೇಳಿ ಮಾಡಿಸಿದಂಗಿದೆ, ಶೇಂಗಾ ಎಣ್ಣೆ ಮಿಲ್ಲುಗಳ ಊರು ತಾನೆ. ಥೇಲ್ಸ್ ಬಡವ ಅಂತ ಜನ ಆಡ್ಕೊಳ್ತಿದ್ರು, ಫಿಲಾಸಫಿಯಿಂದ ಏನು ಲಾಭ ಅಂತ. ಮುಂದಿನ ಸಲ ಆಲಿವ್ ಬೆಳೆ ಜೋರು ಅಂತ ಅವನಿಗೆ ನಕ್ಷತ್ರ ನೋಡಿ ಗೊತ್ತಾಯ್ತು, ಚಳಿಗಾಲದಲ್ಲೇ ಮಿಲೇಟಸ್, ಕಿಯೋಸ್ ಎರಡು ಕಡೆಯ ಎಣ್ಣೆ ಗಾಣ ಎಲ್ಲಾ ಕಮ್ಮಿ ದುಡ್ಡಿಗೆ ಅಡ್ವಾನ್ಸ್ ಕೊಟ್ಟು ಹಿಡ್ಕೊಂಡ, ಸುಗ್ಗಿ ಬಂದಾಗ ಎಲ್ಲರೂ ಇವನ ಬಾಗಿಲಿಗೇ ಬರಬೇಕಾಯ್ತು, ಕೇಳಿದ ರೇಟಿಗೆ ಬಾಡಿಗೆ ಕೊಟ್ಟ. ದುಡ್ಡು ಮಾಡೋದು ನಮಗೆ ಕಷ್ಟ ಅಲ್ಲ, ಬೇಡ ಅಷ್ಟೆ ಅಂತ ತೋರಿಸಿದ. ಇದನ್ನ ಬರೆದಿಟ್ಟವನೂ ಅರಿಸ್ಟಾಟಲ್ಲೇ. ಹುಡುಗ ಕೇಳಿ, ಅಂಕಲ್ ನೀವು ಎಲ್ಲಾ ಜೆರಾಕ್ಸ್ ಅಂಗಡಿ ಹಿಡ್ಕೊಳ್ರಿ ಎಕ್ಸಾಂ ಟೈಮಲ್ಲಿ ಅಂದ.

ಬ್ರಹ್ಮಗಿರಿ ಬಂಡೆ ಮೇಲೆ ಅಶೋಕನ ಶಾಸನ ಇದೆ, ಅಲ್ಲೇ ಹತ್ತಿರ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇದಾವೆ, 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದಿದ್ದು. ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಬರೆದಿರೋದು. ತಂದೆತಾಯಿ ಮಾತು ಕೇಳ್ಬೇಕು, ಪ್ರಾಣಿಗಳ ಮೇಲೆ ಕರುಣೆ ಇರ್ಬೇಕು, ನಿಜ ಹೇಳ್ಬೇಕು, ಶಿಷ್ಯ ಗುರುವಿಗೆ ಗೌರವ ಕೊಡ್ಬೇಕು, ಇದು ಹಳೇ ಕಾಲದಿಂದ ಬಂದ ರೀತಿ, ಇದರಿಂದ ಆಯಸ್ಸು ಜಾಸ್ತಿ ಅಂತ. ದೊಡ್ಡೋರಿಗಷ್ಟೇ ಅಲ್ಲ, ಸಣ್ಣೋರೂ ಪ್ರಯತ್ನಪಟ್ರೆ ಸ್ವರ್ಗ ಸಿಗುತ್ತೆ ಅಂತಲೂ ಇದೆ. ಬರೆದವನು ಚಪಡ, ಪೂರ್ತಿ ಬ್ರಾಹ್ಮಿಯಲ್ಲಿ ಕೆತ್ತಿ ಕೊನೆಗೆ ಲಿಪಿಕಾರ ಅನ್ನೋದನ್ನ ಮಾತ್ರ ಖರೋಷ್ಠಿಯಲ್ಲಿ ಬರೆದಿದಾನೆ. ಖರೋಷ್ಠಿ ಅಂದ್ರೆ ಗಾಂಧಾರದ ಕಡೆ ಲಿಪಿ, ಗ್ರೀಕರು ಬಂದು ನೆಲೆಸಿದ್ದ ಸೀಮೆ. ಅದೇ ಅಶೋಕ ಕಂದಹಾರಲ್ಲಿ ಗ್ರೀಕ್ ಭಾಷೆಯಲ್ಲೇ ಶಾಸನ ಹಾಕಿಸಿದ, 1958ರಲ್ಲಿ ಸಿಕ್ತು, ಅದರಲ್ಲಿ ಧರ್ಮ ಅನ್ನೋದಕ್ಕೆ ಯೂಸೆಬಿಯಾ ಅಂತಿದೆ. ಅಲ್ಲೊಬ್ಬ ಧರ್ಮಕ್ಕೆ ಗ್ರೀಕಲ್ಲಿ ಏನಂತ ಬರೀಲಿ ಅಂತ ತಲೆ ಕೆಡಿಸ್ಕೊಂಡಿದ್ದ, ಇಲ್ಲಿ ನಾವಿಬ್ಬರು ಯೂಡೈಮೋನಿಯಾಗೆ ಕನ್ನಡದಲ್ಲಿ ಏನು ಅಂತ ಬಂಡೆ ಪಕ್ಕ ಚಿತ್ರಾನ್ನದ ಡಬ್ಬಿ ಬಿಚ್ಕೊಂಡು ಕೂತಿದೀವಿ. ಅಫ್ಘಾನಿಸ್ತಾನದ ಉತ್ತರ ಭಾಗದಲ್ಲಿ ಐ ಖಾನೂಮ್ ಅಂತ ಜಾಗದಲ್ಲಿ ಇನ್ನೊಂದು ಕಲ್ಲು ಸಿಕ್ಕಿದೆ, ಕ್ಲಿಯರ್ಕಸ್ ಅನ್ನೋನು ಡೆಲ್ಫಿಯಿಂದ ನೀತಿಮಾತು ನಕಲು ಮಾಡ್ಕೊಂಡು ಬಂದು ಹಾಕಿಸಿದ್ದು (ಆ ಕಾಲದ ಜೆರಾಕ್ಸು), ಉಳಿದಿರೋದು ಐದು ಸಾಲು. ಹುಡುಗನಾಗಿದ್ದಾಗ ನಡತೆ, ಪ್ರಾಯದಲ್ಲಿ ಹಿಡಿತ, ನಡುವಯಸ್ಸಲ್ಲಿ ನ್ಯಾಯ, ಮುಪ್ಪಲ್ಲಿ ಒಳ್ಳೆ ಸಲಹೆ, ಸಾಯುವಾಗ ದುಃಖ ಇಲ್ಲದಿರೋದು.

ಪದ ಸಿಕ್ಕಿದ್ದು ಮಾತ್ರ ಮನೇಲಿ. ಸಂಕ್ರಾಂತಿ ಮುಂಚೆ ಒಂದಿನ ಅವ್ವ ಪಡಸಾಲೆಯಲ್ಲಿ ಮೊರ ಇಟ್ಕೊಂಡು ಕೂತಿದ್ಲು, ತೊಗರಿಬೇಳೆ. ಅಂಗಡಿಯಿಂದ ತಂದಿದ್ದು ಪ್ಯಾಕೆಟ್ ಬೇಳೆ ಅವ್ವಾ, ಮಷೀನಲ್ಲೇ ಕ್ಲೀನಾಗಿ ಬಂದಿರುತ್ತೆ, ಮತ್ಯಾಕೆ ಅಂದೆ. "ಒಂದ್ಸಲ ಹಸನ ಮಾಡ್ದೆ ಹಾಕಿದ್ರೆ ಹಲ್ಲಿಗೆ ಸಿಕ್ಕಾಗ ಗೊತ್ತಾಗ್ತೈತೆ" ಅಂದ್ಲು. ಹಸನ! ಕಾಳು ಹಸನು ಮಾಡೋದು, ಹೊಲ ಹಸನು ಮಾಡೋದು. ಮದುವೆ ಆದೋರು ಕಾಲಿಗೆ ಬಿದ್ರೆ ಅವ್ವ ಹೇಳೋದೂ ಅದೇ, "ಬಾಳೇವು ಹಸನಾಗ್ಲಿ". ಆರಾಮಾಗ್ಲಿ ಅನ್ನಲ್ಲ ಯಾರೂ. ಆರಾಮ ಅಂದ್ರೆ ಕೆಲಸ ಮುಗಿದ ಮೇಲೆ ಕೂರೋದು, ಹಸನು ಅಂದ್ರೆ ಕೈ ಆಡ್ತಾ ಇರ್ಬೇಕು, ಕೇರಬೇಕು, ಹೊಟ್ಟು ಹಾರಿಸಬೇಕು, ಹರಳು ಆರಿಸಬೇಕು, ಇವತ್ತು ಮಾಡಿದ್ದು ಇವತ್ತಿನ ಅಡಿಗೆಗೆ, ನಾಳೆಗೆ ಮತ್ತೆ ಮೊರ. ಅರಿಸ್ಟಾಟಲ್ ಸುಖ ಅನ್ನೋದು ಮಾಡ್ತಾ ಇರೋ ಕೆಲಸ ಅಂದಿದ್ದು, ಸಾಕ್ರಟೀಸ್ ಪರೀಕ್ಷೆ ಮಾಡದ ಬಾಳು ಬಾಳೋ ಲಾಯಕ್ಕಲ್ಲ ಅಂತ ಕೋರ್ಟಲ್ಲಿ ಹೇಳಿದ್ದು, ಎರಡೂ ಈ ಮೊರದಲ್ಲಿ ಕಾಣ್ತು ನನಗೆ. ಅವರು ಫ್ರೋನೆಸಿಸ್ ಅಂತಾರಲ್ಲ, ಬದುಕೋ ವಿವೇಕ, ಅದು ಯಾವುದು ಕಾಳು ಯಾವುದು ಹರಳು ಅಂತ ಬೆರಳಿಗೆ ಗೊತ್ತಾಗೋದು. ಹುಡುಗರು ಲೆಕ್ಕದಲ್ಲಿ ಜಾಣರಾಗಬಹುದು ಆದ್ರೆ ಈ ವಿವೇಕ ಬರೋಕೆ ವಯಸ್ಸಾಗಬೇಕು, ಅನುಭವ ಬೇಕು ಅಂತ ಅರಿಸ್ಟಾಟಲ್ ಬರೆದಿದಾನೆ, ಅವ್ವಂಗೆ ಕಣ್ಣು ಮಂಜು, ಬೆರಳಲ್ಲೇ ಹುಡುಕ್ತಾಳೆ.

ಆದ್ರೆ ಅರಿಸ್ಟಾಟಲ್ ಮೇಲೆ ನನ್ನದೊಂದು ದೂರಿದೆ. ಕೊನೆಗೆ ಹೋಗಿ ಅವನು ಎಲ್ಲಕ್ಕಿಂತ ಮೇಲಿನ ಸುಖ ಅಂದ್ರೆ ಕೂತು ಚಿಂತನೆ ಮಾಡೋದು ಅಂತಾನೆ, ಅದಕ್ಕೆ ಬಿಡುವು ಬೇಕು ಅಂತಾನೆ. ಗುಲಾಮರಿಗೆ ಇದರಲ್ಲಿ ಪಾಲಿಲ್ಲ, ಕೆಲವರು ಹುಟ್ಟಿದ್ದೇ ಗುಲಾಮರಾಗೋಕೆ ಅಂತ ಬೇರೆ ಬರೆದಿದಾನೆ. ಅಲ್ಲ ಮಾರಾಯ, ನಿನಗೆ ಆ ಬಿಡುವು ಕೊಟ್ಟಿದ್ದು ಯಾರು, ನಿನ್ನ ರೊಟ್ಟಿಯ ಗೋಧಿ ಹಸನು ಮಾಡಿದ್ದು ಯಾರು? ಇಲ್ಲಿ ನಮ್ಮ ಬಂಡೆ ಶಾಸನವೇ ವಾಸಿ, ಸಣ್ಣೋರಿಗೂ ಸಿಗುತ್ತೆ ಅಂದಿದೆ.

ಹುಡುಗನಿಗೆ ಫೋನ್ ಮಾಡಿ ಹಸನು ಅಂತ ಹೇಳಿದೆ. ಅಂಕಲ್ ಸೂಪರ್, ಆದ್ರೆ ಪೇಪರ್ ನೋಡೋರು ಬೆಂಗಳೂರು ಮೈಸೂರು ಕಡೆಯವರಾಗಿದ್ರೆ ಅರ್ಥ ಆಗುತ್ತೋ ಇಲ್ವೋ, ಯೂಡೈಮೋನಿಯಾ ಅಂತಲೇ ಬರೀತೀನಿ, ಪಕ್ಕದಲ್ಲಿ ಸಾರ್ಥಕ ಬದುಕು ಅಂತ ಹಾಕ್ತೀನಿ ಅಂದ. ಆರು ತಿಂಗಳ ಕಷ್ಟ ಹಿಂಗಾಯ್ತು. ಅವನದ್ದೂ ತಪ್ಪಲ್ಲ, ಮಾರ್ಕ್ಸ್ ಮುಖ್ಯ.

ಮೊನ್ನೆ ರಾತ್ರಿ ಅವ್ವ ಮತ್ತೆ ಮೊರ ಹಿಡ್ಕೊಂಡಿದ್ಲು, ಈ ಸಲ ಕಡ್ಲೆ. ನಾನು ಮೊಬೈಲಲ್ಲಿ ಏನೋ ನೋಡ್ತಿದ್ದೆ. ಇದ್ದಕ್ಕಿದ್ದಂಗೆ ಕೈ ನಿಲ್ಲಿಸಿ, "ಅಲ್ಲೋ, ಆ ಗಾಡಿ ಎಳೆದ ಹುಡುಗರ ತಾಯಿ, ಆಮೇಲೆ ಏನಾದ್ಲು?" ಅಂದ್ಲು. ಕಥೆ ಹೇಳಿ ತಿಂಗಳುಗಟ್ಟಲೆ ಆಗಿತ್ತು. ನಾನು ಮತ್ತೆ ಹುಡುಕಿ ಓದಿದೆ. ಊರಿನವರು ಆ ಇಬ್ಬರ ಮೂರ್ತಿ ಮಾಡಿಸಿ ಡೆಲ್ಫಿಗೆ ಕೊಟ್ರು ಅಂತ ಹೆರೊಡೋಟಸ್ ಬರೆದಿದಾನೆ. ತಾಯಿ ಬಗ್ಗೆ ಒಂದಕ್ಷರ ಇಲ್ಲ, ಹೆಸರು ಸಹ ಹಾಕಿಲ್ಲ. ಬರೆದಿಲ್ಲ ಅವ್ವಾ ಅಂದೆ.

"ಬರೀಬೇಕಿತ್ತು" ಅಂದ್ಲು. ಬೆರಳಿಗೆ ಸಿಕ್ಕಿದ್ದ ಒಂದು ಹರಳನ್ನ ನೆಲದ ಮೇಲೆ ಬೇರೆ ಇಟ್ಲು.